ಬೆನ್ನ ಹಿಂದಿನಿಂದ ತೆಗೆದ ಫೋಟೊ

ವಿದ್ಯಾ ಆ ಸಂಜೆ ಫೋನನ್ನು ಪರಶುವಿನ ಕೈಗೆ ಕೊಡಲಿಲ್ಲ. ಕೌಂಟರಿನ ಗಾಜಿನ ಮೇಲಿಟ್ಟು, ಬೆರಳ ತುದಿಯಿಂದ ಅವನ ಕಡೆ ಸರಿಸಿ, ಕೈಯನ್ನು ಕೂಡಲೇ ಹಿಂದಕ್ಕೆ ತೆಗೆದುಕೊಂಡಳು.

ಇದುವರೆಗೆ ಹಾಗಾಗಿರಲಿಲ್ಲ. ಕೊಡುವವಳು ಒಂದು ಕ್ಷಣ ಹೆಚ್ಚಾಗಿಯೇ ಹಿಡಿದಿರುವುದು, ತೆಗೆದುಕೊಳ್ಳುವವನೂ ಅವಸರಪಡದಿರುವುದು, ಆಮೇಲೆ ಇಬ್ಬರೂ ಏನೂ ನಡೆದಿಲ್ಲವೆಂಬಂತೆ ರಸ್ತೆಯ ಕಡೆ ನೋಡುವುದು. ಗೋವೆಯ ಕೊರ್ಲಿಮ್ ಬಸ್ ಸ್ಟಾಪಿನ ಎದುರಿನ ಆ ಸಣ್ಣ ಮೊಬೈಲ್ ಅಂಗಡಿಯಲ್ಲಿ ಅದೊಂದು ರೂಢಿಯೇ ಆಗಿಬಿಟ್ಟಿತ್ತು.

"ಏನ್ರಿ ಜೋಪಾನ ಮೇಡಮ್, ಮತ್ತ ಬೀಳಿಸಿದ್ರೇನು?"

ಪರಶು ನಗುತ್ತಲೇ ಕೇಳಿದ. ಅವಳು ನಗಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ತುಂಡಾಗಿ ಹೊರಬಂದಿತು.

"ನನ್ನ ಫೋನಿನ್ಯಾಗ ನೀವು ಏನಾರ ಹಾಕೀರೇನು?"

ಜೋಪಾನ ಎಂಬುದು ಅವನಿಟ್ಟ ಹೆಸರಲ್ಲ, ಅವಳ ವೆಬ್‌ಸೈಟಿನ ಹೆಸರು. ವಿದ್ಯಾ ಬಿ.ಎಸ್ಸಿ. ಮುಗಿಸಿ, ಕೊರ್ಲಿಮ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬಿಡುವಿನಲ್ಲಿ 'ಮೊಬೈಲ್ ಜೋಪಾನ' ಎಂಬ ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದಳು. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಗೋವೆಗೆ ದುಡಿಯಲು ಬಂದವರೇ ಅದರ ಓದುಗರು. ಯಾವ ಪವರ್ ಬ್ಯಾಂಕ್ ಹೇಳಿದಷ್ಟು ಚಾರ್ಜ್ ಹಿಡಿಯುತ್ತದೆ, ಯಾವ ಇಯರ್‌ಬಡ್ಸ್ ಬೀಚಿನ ಗಾಳಿಯಲ್ಲೂ ಸರಿಯಾಗಿ ಕೇಳಿಸುತ್ತವೆ, ಬ್ಯಾಂಕಿನ ಹೆಸರಿನಲ್ಲಿ ಬರುವ ಯಾವ ಲಿಂಕನ್ನು ಮುಟ್ಟಬಾರದು, ಎಲ್ಲವನ್ನೂ ಲ್ಯಾಬಿನ ಶಿಸ್ತಿನಲ್ಲಿ ಪರೀಕ್ಷಿಸಿ, ಅನುಮಾನ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಬರೆಯುತ್ತಿದ್ದಳು. ರಿಪೇರಿಯ ಲೇಖನಗಳಿಗೆ ಬೇಕಾದ ಫೋಟೊಗಳನ್ನು ತೆಗೆಯಲು ಅವಳು ಪರಶುವಿನ ಅಂಗಡಿಗೆ ಬರತೊಡಗಿದ್ದಳು. ಲೇಖನಗಳು ಮುಗಿದ ಮೇಲೂ ಬರುತ್ತಿದ್ದಳು.

ರಿಪೇರಿಗೆ ಕೊಡುವಾಗ ಅಂಗಡಿಯವನಿಗೆ ಪ್ಯಾಟರ್ನ್ ಲಾಕ್ ಹೇಳಬಾರದೆಂದು ದಪ್ಪ ಅಕ್ಷರದಲ್ಲಿ ಬರೆದವಳೂ ಅವಳೇ. ಆದರೆ ದಸರೆಯ ಹೊತ್ತಿಗೆ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಅವಳ ಫೋನು ಸತ್ತಾಗ, ಆ ಪ್ಯಾಟರ್ನನ್ನು ಇದೇ ಗಾಜಿನ ಮೇಲೆ ಬೆರಳಿನಿಂದ ಬಿಡಿಸಿ ಅವನಿಗೆ ತೋರಿಸಿದ್ದಳು. ಗಾಜಿನ ಮೇಲೆ ಗುರುತೇನೂ ಉಳಿದಿರಲಿಲ್ಲ. ಆದರೂ ಪರಶು ಆ ದಿನ ಗಾಜನ್ನು ಒರೆಸಲಿಲ್ಲ. ಅದನ್ನವಳು ನೋಡಿದ್ದಳು, ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ನೆನೆದಿದ್ದಳು.

ಈಗ ಅದೇ ನೆನಪು ಅವಳನ್ನು ಹೆದರಿಸುತ್ತಿತ್ತು.

ಹಿಂದಿನ ಸಂಜೆ, ಲೇಖನಕ್ಕೆ ಪವರ್ ಬ್ಯಾಂಕಿನ ಚಿತ್ರ ಹುಡುಕುವಾಗ, ಆ ಚಿತ್ರಗಳ ನಡುವೆ ಅವಳಿಗೆ ತನ್ನದೇ ಬೆನ್ನು ಕಂಡಿತ್ತು. ನೀಲಿ ದುಪಟ್ಟಾ, ಹೆಗಲಿಗೆ ಡಬ್ಬಿಯ ಚೀಲ, ಕೊರ್ಲಿಮ್ ಬಸ್ ಸ್ಟಾಪ್. ಅದನ್ನು ಅವಳು ತೆಗೆದಿರಲಿಲ್ಲ. ತೆಗೆಯಲು ಸಾಧ್ಯವೂ ಇರಲಿಲ್ಲ. ಮುಂದೆ ಸರಿಸಿದರೆ ಇನ್ನೊಂದು: ಅವಳು ರಸ್ತೆ ದಾಟುತ್ತಿದ್ದಾಳೆ. ಮತ್ತೊಂದು: ಕಾರ್ಖಾನೆಯ ಗೇಟಿನಲ್ಲಿ ಐಡಿ ಕಾರ್ಡ್ ತೋರಿಸುತ್ತಿದ್ದಾಳೆ. ಪ್ರತಿಯೊಂದೂ ಹಿಂದಿನದಕ್ಕಿಂತ ಹತ್ತಿರದಿಂದ ತೆಗೆದದ್ದು.

ಯಾರೋ ಹಿಂಬಾಲಿಸುತ್ತಿದ್ದಾರೆ, ಹಿಂಬಾಲಿಸಿದ್ದನ್ನು ಅವಳದೇ ಫೋನಿನೊಳಗೆ ತಂದಿಟ್ಟು ಹೋಗುತ್ತಿದ್ದಾರೆ. ಅವಳು ಫೋನನ್ನು ಹಾಸಿಗೆಯ ಕೆಳಗೆ ಮಗುಚಿಟ್ಟು, ಗೋಡೆಗೆ ಒರಗಿ ಕುಳಿತಿದ್ದಳು.

ಈ ಮೂರೂ ಚಿತ್ರಗಳನ್ನು ತೋರಿಸಿದಾಗ ಪರಶುವಿನ ಮುಖದ ನಗು ಹೋಯಿತು. ಅವನು ಕೈ ಚಾಚಿ, ನಡುವೆಯೇ ತಡೆದು ನಿಂತ.

"ಮುಟ್ಟಲೇನ್ರಿ?"

ಅವನೆಂದೂ ಹಾಗೆ ಕೇಳಿರಲಿಲ್ಲ. ಅವಳು ತಲೆಯಾಡಿಸಿದಳು, ಆದರೆ ಅವನ ಕಣ್ಣನ್ನು ನೋಡಲಿಲ್ಲ. ನೋಡಿದರೆ ನಂಬಿಬಿಡುವೆನೆಂಬ ಭಯ ಅವಳಿಗಿತ್ತು. ನಂಬುವುದಕ್ಕೆ ಆಧಾರ ಬೇಕಲ್ಲ.

ಮನೆಯಲ್ಲಿ ಹೇಳಿದೀರೇನು ಎಂದು ಅವನು ಕೇಳಿದ. ಇಲ್ಲವೆಂದಳು. ಪೊಲೀಸರ ಮಾತೆತ್ತಿದ. ಅದಕ್ಕೂ ಬೇಡವೆಂದಳು. ಅವಳ ತಂದೆ ಲಚ್ಚಪ್ಪ ಕಲಂಗುಟ್ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುವವರು. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗಳು ಮೀನಾಕ್ಷಿಯ ಫೋನಿಗೆ ಯಾವನೋ ಹುಡುಗ ಮೆಸೇಜ್ ಕಳಿಸಿದನೆಂಬ ಸುದ್ದಿ ಹಬ್ಬಿದ ಮರುದಿನವೇ ಅವಳನ್ನು ವಿಜಯಪುರದ ಬಸ್ಸು ಹತ್ತಿಸಲಾಗಿತ್ತು. ತಾಂಡಾದಲ್ಲಿ ಮದುವೆಯೂ ಆಗಿಹೋಯಿತು. ತಪ್ಪು ಯಾರದೆಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಈ ಫೋಟೊಗಳ ಸುದ್ದಿ ಮನೆಗೆ ಮುಟ್ಟಿದರೆ ವಿದ್ಯಾಳ ಲ್ಯಾಬು, ವೆಬ್‌ಸೈಟು, ಸಂಜೆಯ ಈ ಅಂಗಡಿ, ಎಲ್ಲವೂ ಒಂದೇ ಬಸ್ಸಿನಲ್ಲಿ ಮೊಲೆಂನಲ್ಲಿ ಗೋವೆಯ ಗಡಿ ದಾಟಿಬಿಡುತ್ತವೆ.

ಪರಶು ಅವಳ ಮೇಲ್ ಖಾತೆಯಲ್ಲಿ ಯಾವ ಯಾವ ಫೋನುಗಳು ನೋಂದಾಯಿತವಾಗಿವೆ ಎಂಬ ಪುಟವನ್ನು ತೆರೆಯಲು ಹೇಳಿದ. ನಿನ್ನೆಯೇ ನೋಡಿದ್ದೇನೆ ಎಂದಳು ಅವಳು. ಒಂದೇ ಮಾಡೆಲಿನ ಹೆಸರು ಎರಡು ಸಲ ಇತ್ತು. ದಸರೆಯಲ್ಲಿ ರಿಪೇರಿ ಮಾಡಿ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದ್ದು ಅವನೇ. ಹಾಗಾದರೆ ಆ ಎರಡನೆಯದು ಅವನು ಮಾಡಿಟ್ಟುಕೊಂಡ ನಕಲು ಎಂದೇ ಅವಳು ತಿಳಿದಿದ್ದಳು.

"ಅದಕ್ಕ ಬಂದೇನಿ," ಎಂದಳು. "ನನ್ನ ಪ್ಯಾಟರ್ನ್ ಗೊತ್ತಿದ್ದದ್ದು ನಿಮಗೊಬ್ಬರಿಗೆ."

ಮೇಜಿನ ಭೂತಗನ್ನಡಿಯ ದೀಪದ ಬೆಳಕು ಅವನ ಗಲ್ಲದ ಮೇಲೆ ಬಿದ್ದಿತ್ತು.

"ಒಳಗ ಒತ್ತಿ ನೋಡಿದ್ರೇನು?" ಮೆಲ್ಲಗೆ ಕೇಳಿದ. "ಎರಡನೇದರ ಮ್ಯಾಲೆ?"

ನೋಡಿರಲಿಲ್ಲ. ಬೇರೆಯವರ ವಿಷಯದಲ್ಲಿ ಅವಳು ಎಂದೂ ಬಿಡುತ್ತಿರಲಿಲ್ಲ. ತನ್ನದೆಂದಾಗ, ಹೆಸರು ಕಂಡೊಡನೆ ಪುಟವನ್ನು ಮುಚ್ಚಿಬಿಟ್ಟಿದ್ದಳು. ಈಗ ಒತ್ತಿದಳು. ರಿಪೇರಿಯಿಂದ ಉಳಿದ ಹಳೆಯ ನಮೂದಾಗಿದ್ದರೆ ದಸರೆಗೇ ನಿಂತಿರಬೇಕಿತ್ತು. ಅದು ನಿಂತಿರಲಿಲ್ಲ. ಕೆಲವೇ ನಿಮಿಷಗಳ ಹಿಂದೆ ಬಳಕೆಯಲ್ಲಿತ್ತು ಎಂದು ತೋರಿಸುತ್ತಿತ್ತು. ಜಾಗದ ಮುಂದೆ ಗೋವಾ ಎಂದಿತ್ತು. ಲೊಕೇಶನ್ ಬಂದ್ ಮಾಡಿದ್ದರಿಂದ ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

"ಇದು ಜೀವಂತ ಐತಿ ನೋಡ್ರಿ," ಎಂದ ಪರಶು. ಅವನ ಸ್ವರವೂ ಇಳಿದಿತ್ತು.

ಅಷ್ಟರಲ್ಲಿ ಫೋಟೊಗಳ ಸಾಲಿನಲ್ಲಿ ಬೂದುಬಣ್ಣದ ಒಂದು ಚೌಕ ಮೂಡಿ, ನಿಧಾನವಾಗಿ ತುಂಬಿಕೊಂಡಿತು.

ನೀಲಿ ದುಪಟ್ಟಾ. ಡಬ್ಬಿಯ ಚೀಲ. ಗಾಜಿನ ಕೌಂಟರು.

ಅವಳು ಈಗ, ಇಲ್ಲಿ ನಿಂತಿರುವ ರೀತಿಯಲ್ಲೇ ನಿಂತ ಅವಳ ಬೆನ್ನು. ಅದರಾಚೆಗೆ, ದೀಪದ ಬೆಳಕಿನಲ್ಲಿ, ಪರಶುವಿನ ಮುಖ.

ಫೋಟೊ ತೆಗೆದವನು ಪರಶು ಅಲ್ಲ. ಆ ಸಮಾಧಾನ ಮೂಡುವ ಮೊದಲೇ ಅದಕ್ಕಿಂತ ತಣ್ಣಗಿನದೊಂದು ಅವಳ ಬೆನ್ನಮೇಲೆ ಹರಿಯಿತು: ತೆಗೆದವನು ಈಗ ಅವಳ ಹಿಂದೆಯೇ, ರಸ್ತೆಯ ಆಚೆ ನಿಂತಿದ್ದಾನೆ. ಇಷ್ಟರ ನಡುವೆಯೂ ಅವಳ ಕಣ್ಣು ಆ ಚಿತ್ರದಲ್ಲಿ ಒಂದು ಕಡೆ ನೆಟ್ಟಿತು. ಅವಳು ತಲೆ ತಗ್ಗಿಸಿದ್ದಾಗ ಪರಶು ಅವಳನ್ನು ನೋಡುತ್ತಿದ್ದ ಬಗೆ ಅದರಲ್ಲಿತ್ತು. ಆಪಾದನೆ ಹೊತ್ತವನ ನೋಟ ಅದಾಗಿರಲಿಲ್ಲ. ಜ್ವರ ಬಂದವರ ಹಣೆಯ ಮೇಲೆ ಕೈಯಿಡಬೇಕೆಂದುಕೊಂಡು, ಇಡಲಾರದೆ ಕುಳಿತವನ ನೋಟ ಅದು.

ಅವನೂ ಅದನ್ನು ಕಂಡ. ಕಿವಿ ಕೆಂಪಾಯಿತು. "ತಿರುಗಬ್ಯಾಡ್ರಿ," ಎಂದಷ್ಟೇ ಹೇಳಿದ.

ರಸ್ತೆಯ ಆಚೆ ಶಿಫ್ಟ್ ಬಿಟ್ಟ ಮಂದಿ ಬಸ್ಸಿಗೆ ನಿಂತಿದ್ದರು. ಹಾರೂನನ ಚಹಾ ಗಾಡಿಯ ಸುತ್ತ ಗುಂಪು. ಎಲ್ಲರ ಕೈಯಲ್ಲೂ ಫೋನು. ಯಾರೆಂದು ಹಿಡಿಯುವುದು? ಆ ಫೋನನ್ನು ಖಾತೆಯಿಂದ ಹೊರಹಾಕಿ ಪಾಸ್‌ವರ್ಡ್ ಬದಲಿಸುತ್ತೇನೆ, ಮನೆಗೆ ಹೋಗುತ್ತೇನೆ ಎಂದಳು ವಿದ್ಯಾ. ಅವಳ ಹೆಬ್ಬೆರಳು ಆಗಲೇ ಆ ಗುಂಡಿಯ ಮೇಲಿತ್ತು.

"ಫೋನ್ ಹೊರಗ ಹಾಕಬಹುದ್ರಿ," ಎಂದ ಪರಶು. "ಮನಶ್ಯಾನ್ನ ಹ್ಯಾಂಗ ಹೊರಗ ಹಾಕ್ತೀರಿ? ನಾಳೆನೂ ಅಲ್ಲೇ ನಿಂದರ್ತಾನ. ಆವಾಗ ಫೋಟೊನೂ ಬರೂದಿಲ್ಲ, ನಿಮಗ ಗೊತ್ತೂ ಆಗೂದಿಲ್ಲ."

ಕಳೆದುಹೋದ ಫೋನನ್ನು ಹುಡುಕುವ ಸೌಲಭ್ಯವನ್ನು ಅವನು ನೆನಪಿಸಿದ. ಅದರ ಬಗ್ಗೆ ಅವಳೇ ಲೇಖನ ಬರೆದಿದ್ದಳು. ಸೈಲೆಂಟಿನಲ್ಲಿಟ್ಟಿದ್ದರೂ ಫೋನು ಗಟ್ಟಿಯಾಗಿ ರಿಂಗಣಿಸುತ್ತದೆ. ದಾರಿ ಗೊತ್ತಿಲ್ಲದವನಿಗೆ ನಿಲ್ಲಿಸಲು ತಿಳಿಯುವುದಿಲ್ಲ. ಮಂದಿ ಇರುವಾಗಲೇ ಮಾಡುವುದು ಒಳ್ಳೆಯದು ಎಂದ. ಸದ್ದಾದೊಡನೆ ಅವನು ತನ್ನ ಮೇಲೆಯೇ ಎರಗಿದರೆ ಎಂದು ಅವಳು ಕೇಳಿದಳು.

ಪರಶು ಕೌಂಟರಿನ ಮರದ ಹಲಗೆಯನ್ನು ಎತ್ತಿ ಹೊರಬಂದು ಅವಳ ಪಕ್ಕದಲ್ಲಿ ನಿಂತ. ಇಷ್ಟು ತಿಂಗಳಲ್ಲಿ ಅವರಿಬ್ಬರೂ ನಡುವೆ ಗಾಜಿಲ್ಲದೆ ನಿಂತದ್ದು ಅದೇ ಮೊದಲು.

"ನಾ ಮುಂದ ಇರ್ತೇನಿ. ನೀವು ಒತ್ತ್ರಿ."

ಅವಳು ಒತ್ತಿದಳು.

ಏನೂ ಆಗಲಿಲ್ಲ. ಪೊಂಡಾ ಕಡೆಯ ಬಸ್ಸೊಂದು ಹಾದುಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಊರುಗಳ ಹೆಸರು ಕೂಗಿದ. ಬಸ್ಸು ಸರಿದ ಮೇಲೆ, ಚಹಾ ಗಾಡಿಯ ಹಿಂದಿನಿಂದ, ಎಲ್ಲ ಗದ್ದಲದ ಮೇಲೆ, ಆ ಸದ್ದು ಎದ್ದಿತು. ಮಂದಿ ತಿರುಗಿ ನೋಡಿದರು. ಸದ್ದು ನಿಲ್ಲಲಿಲ್ಲ.

"ಕಾಕಾ, ಎತ್ತ್ರಿ ಫೋನ್," ಎಂದ ಹಾರೂನ. "ಕಾಕು ಇರಬೇಕು. ಎತ್ತಲಿಲ್ಲಂದ್ರ ಇವತ್ತ ಊಟ ಇಲ್ಲ ನಿಮಗ."

ಗುಂಪು ನಕ್ಕಿತು. ಗುಂಪು ಸರಿದಲ್ಲಿ ಬಿಳಿ ರುಮಾಲಿನ ಒಬ್ಬ ಮುದುಕ ನಿಂತಿದ್ದ. ಕಾಲ ಬಳಿ ಮಣಿಸರಗಳ ಗಂಟು. ಕೂಗುವ ಫೋನನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಉಸಿರು ಕಟ್ಟಿದರೆ ಸುಮ್ಮನಾದೀತೆಂಬಂತೆ ಅದನ್ನು ರುಮಾಲಿನ ಸೆರಗಿನಿಂದ ಸುತ್ತುತ್ತಿದ್ದ.

"ಬಾಪು," ಎಂದಳು ವಿದ್ಯಾ. ಮನೆಯಲ್ಲಿ ಅವಳು ತಂದೆಯನ್ನು ಕರೆಯುವುದೇ ಹಾಗೆ. ಅಪರಿಚಿತನೊಬ್ಬನನ್ನು ಎದುರಿಸಲು ಅವಳು ಸಿದ್ಧಳಾಗಿದ್ದಳು. ಇದಕ್ಕಲ್ಲ.

ಅವಳು ತನ್ನ ಫೋನಿನಲ್ಲಿ ಸದ್ದು ನಿಲ್ಲಿಸಿದಳು. ಲಚ್ಚಪ್ಪ ತಲೆಯೆತ್ತಿ ಮಗಳನ್ನು ನೋಡಿದರು, ಅವಳ ಮುಂದೆ ನಿಂತವನನ್ನು ನೋಡಿದರು, ರಸ್ತೆ ದಾಟಿ ಬಂದು ಪರಶುವಿನ ಮಣಿಕಟ್ಟನ್ನು ಹಿಡಿದರು.

"ಇಂವನ," ಎಂದರು. "ಇಂವನ ಅದಾನ ನೋಡು."

ಅವರು ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ವಿದ್ಯಾಳಿಗೆ ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಅವರು ಅರ್ಧ ಲಂಬಾಣಿಯಲ್ಲಿ, ಅರ್ಧ ಕನ್ನಡದಲ್ಲಿ, ಮಗಳಿಗೊಂದು ಪರಶುವಿಗೊಂದು ಎಂಬಂತೆ ಹೇಳುತ್ತಿದ್ದರು. ದೀಪಾವಳಿಗೆ ವಿದ್ಯಾಳ ಅಣ್ಣ ಭರತ ಅವರಿಗೆ ಮಾಪುಸಾದಲ್ಲಿ ಫೋನು ಕೊಡಿಸಿದ್ದ. ತಂಗಿ ತಾನು ಬಳಸುತ್ತಿದ್ದ, ವೆಬ್‌ಸೈಟಿನಲ್ಲೂ ಒಳ್ಳೆಯದೆಂದು ಬರೆದಿದ್ದ ಅದೇ ಮಾಡೆಲ್. ಅದರಲ್ಲಿ ಮನೆಯವರ ಹಳೆಯ ಚಿತ್ರಗಳು ಬಂದಾಗ ಭರತನೇ ಹಾಕಿದ್ದಾನೆಂದುಕೊಂಡರು. ಆದರೆ ಕೆಲವು ದಿನಗಳಿಂದ ಯಾರೋ ಒಬ್ಬ ಹುಡುಗನ ಚಿತ್ರಗಳು ಕಣ್ಣಿಗೆ ಬೀಳತೊಡಗಿದವು. ನಡುನಡುವೆ ವಿದ್ಯಾಳ ಚಿತ್ರ, ಇದೇ ಅಂಗಡಿಯ ಮುಂದೆ, ನಗುತ್ತ ನಿಂತದ್ದು. ಯಾರು ಕಳಿಸುತ್ತಿದ್ದಾರೆ? ಯಾಕೆ? ಮಗಳ ಬೆನ್ನುಬಿದ್ದವನು ತನಗೆ ಬೆದರಿಕೆ ಹಾಕುತ್ತಿದ್ದಾನೆ ಎಂದೇ ಅವರು ತಿಳಿದರು. ಬೀಚಿನ ಪಕ್ಕದ ಮಳಿಗೆಯವನಿಂದ ಕ್ಯಾಮೆರಾ ಕಲಿತು, ಸೂರ್ಯ ಮುಳುಗುವ ಹೊತ್ತಿನ ವ್ಯಾಪಾರ ಬಿಟ್ಟು, ದಿನವೂ ಕೊರ್ಲಿಮಿಗೆ ಬಂದರು. ಅವಳ ಹತ್ತಿರ ಯಾರು ಸುಳಿಯುತ್ತಾರೋ ಅವರ ಚಿತ್ರ ಹಿಡಿಯಬೇಕೆಂದಿದ್ದರು. ಇಂದು ಸಿಕ್ಕಿದ.

"ನಿಮ್ಮವ್ವಗೂ ಹೇಳಿಲ್ಲ," ಎಂದರು. "ಕೇಸರಿಬಾಯಿ ಕೇಳಿದ್ರ ಎದಿ ಒಡಕೊಂಡು ಸಾಯ್ತಾಳ. ಊರಾಗ ಸುದ್ದಿ ಆದ್ರ ನಿನ್ನ ಬಾಳೇ ಹೋಗ್ತೈತಿ ಅಂತ ಒಬ್ಬನ ಹೆದರಿಕೊಂಡು ತಿರಗಾಕತ್ತೇನಿ."

ವಿದ್ಯಾಳಿಗೆ ಎಲ್ಲವೂ ಒಮ್ಮೆಗೇ ಕಂಡಿತು. ಹತ್ತನೆಯ ತರಗತಿಯಲ್ಲಿ ಪರೀಕ್ಷೆಗಾಗಿ ಮಾಡಿಸಿದ ಮೇಲ್ ಐಡಿ. ಅದಕ್ಕೆ ಕೊಟ್ಟಿದ್ದು ಆಗ ಮನೆಯಲ್ಲಿದ್ದ ಒಂದೇ ನಂಬರು, ತಂದೆಯದು. ಅವಳ ಫೋಟೊಗಳು ಈಗಲೂ ಅದರಲ್ಲೇ ಸೇರುತ್ತಿದ್ದವು. ಮಾಪುಸಾದ ಅಂಗಡಿಯವನು ಐಡಿ ಕೇಳಿದಾಗ ಭರತ ಅದನ್ನೇ ಕೊಟ್ಟಿದ್ದಾನೆ; ಓಟಿಪಿ ತಂದೆಯ ಫೋನಿಗೇ ಬಂದಿದೆ.

ಎಲ್ಲರಿಗೂ ಬೇರೆ ಬೇರೆ ಐಡಿ ಇರಬೇಕು ಬಾಪು ಎಂದು ಅವಳು ಹೇಳಿದಾಗ ಲಚ್ಚಪ್ಪ ಬೆರಗಾದರು.

"ಮನಿಗೊಂದು ರೇಶನ್ ಕಾರ್ಡ್ ಇದ್ದಂಗ ಅಲ್ಲೇನು ಅದು? ಮನಿಗೊಂದ ಅಂತ ತಿಳಿದೇವಿ ನಾವು."

ಇದನ್ನು ಅವಳು ತನ್ನ ವೆಬ್‌ಸೈಟಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಯಾರಾದರೂ ಹಾಗೆ ತಿಳಿಯಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ವಿವರಿಸಿದಳು: ಅವಳ ಫೋನಿನ ಚಿತ್ರ ಅವರಿಗೆ, ಅವರ ಫೋನಿನ ಚಿತ್ರ ಅವಳಿಗೆ. ಅವಳು ಹೆದರಿದ್ದು ಅವರಿಗೆ, ಅವರು ಹೆದರಿದ್ದು ಅವಳಿಗೆ. ಲಚ್ಚಪ್ಪ ನಿಧಾನವಾಗಿ ತಲೆಯಾಡಿಸಿದರು. ಪರಶುವಿನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಾಯಿತು, ಆದರೆ ಬಿಡಲಿಲ್ಲ.

"ಹಂಗಾರ ಇವನ ಫೋಟೊ ತಗದವರು ಯಾರು?"

ಪ್ರಶ್ನೆ ಸರಳವಾಗಿತ್ತು. ಇದುವರೆಗಿನ ಹೆದರಿಕೆಗೆ ಮುಖವಿರಲಿಲ್ಲ. ಇದಕ್ಕೆ ತಂದೆಯ ಮುಖವಿತ್ತು.

ವೆಬ್‌ಸೈಟಿಗಾಗಿ ತಾನೇ ತೆಗೆದೆ ಎಂದಳು. ಮೊಬೈಲ್ ರಿಪೇರಿ ಹೇಗೆ ಮಾಡುತ್ತಾರೆಂದು ತೋರಿಸಲು. ಅದು ಸುಳ್ಳಲ್ಲ, ಆದರೆ ಅವಳಿಗೇ ಅದು ತೆಳುವಾಗಿ ಕೇಳಿಸಿತು. ಅವಳ ಫೋಟೊ ತಾನು ತೆಗೆದದ್ದು ಒಂದೆರಡು ಸಲ, ಕ್ಯಾಮೆರಾ ಪರೀಕ್ಷಿಸಲು, ಅವಳೇ ಕೇಳಿದ್ದಕ್ಕೆ, ಎಂದ ಪರಶು.

ಲಚ್ಚಪ್ಪ ಮಣಿಕಟ್ಟನ್ನು ಬಿಟ್ಟು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದಾಗಿ ಸರಿಸತೊಡಗಿದರು. ಸ್ಕ್ರೂಡ್ರೈವರ್ ಹಿಡಿದ ಕೈ. ಬಿಚ್ಚಿದ ಬ್ಯಾಟರಿ. ಭೂತಗನ್ನಡಿಯ ಕೆಳಗಿನ ಬೋರ್ಡು. ಅವರು ತಲೆಯಾಡಿಸಿದರು. ಆಮೇಲೆ ಪರಶು ಚಹಾ ಕುಡಿಯುತ್ತಿರುವುದು. ಪರಶು ಗಿರಾಕಿಯೊಡನೆ ನಗುತ್ತಿರುವುದು. ಮಳೆಗಾಲದ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಕೌಂಟರಿನ ಮೇಲೆ ತಲೆಯಿಟ್ಟು ನಿದ್ದೆಹೋಗಿರುವ ಪರಶು.

ಅವರು ಅಲ್ಲಿಯೇ ನಿಲ್ಲಿಸಿದರು.

"ಇದರಾಗ ಮೊಬೈಲ್ ಎಲ್ಲೈತಿ?"

ಪರಶು ಆ ಚಿತ್ರವನ್ನು ನೋಡುತ್ತಿದ್ದ. ಅವನು ಅದನ್ನು ಹಿಂದೆಂದೂ ಕಂಡಿರಲಿಲ್ಲ. ತನ್ನ ನಿದ್ದೆಯನ್ನು ಯಾರೋ ಇಷ್ಟು ಎಚ್ಚರದಿಂದ, ಬೆಳಕು ನೋಡಿ, ಸದ್ದಿಲ್ಲದೆ ತೆಗೆದಿಟ್ಟುಕೊಂಡಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಅವನು ಫೋನಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅವಳಿಗೆ ಓಡಿಹೋಗಬೇಕೆನಿಸಿತು. ಮೀನಾಕ್ಷಿ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದ ರೀತಿ ಕಣ್ಣಮುಂದೆ ಬಂತು. ಒಂದು ಸುಳ್ಳು ಇನ್ನೂ ಉಳಿದಿತ್ತು. ಹೇಳಿದರೆ ತಂದೆ ನಂಬುತ್ತಿದ್ದರು. ಆದರೆ ಆ ಸುಳ್ಳನ್ನು ಪರಶುವೂ ಕೇಳಿಸಿಕೊಳ್ಳಬೇಕಾಗುತ್ತಿತ್ತು.

"ಇದರಾಗ ಮೊಬೈಲ್ ಇಲ್ಲ ಬಾಪು," ಎಂದಳು. "ಇವರು ಅದಾರಂತ ತಗದೆ. ಇವರಿಗೆ ಗೊತ್ತಿಲ್ಲ. ನಾನ ಹೇಳಿಲ್ಲ."

ಪಣಜಿಯ ಬಸ್ಸು ಬಂದು ಹೋಯಿತು, ಲಚ್ಚಪ್ಪ ಹತ್ತಲಿಲ್ಲ. ಆಮೇಲೆ ಪರಶುವಿಗೆ ಯಾರ ಮಗನೆಂದು ಕೇಳಿದರು. ಎಸ್ಟೇಟಿನಲ್ಲಿ ಲೋಡಿಂಗ್ ಕೆಲಸದ ಪರಮಣ್ಣನ ಮಗ ಎಂದ. ಯಾವ ಊರೆಂದರು. ರೋಣ ಎಂದ. ನಮ್ಮವರಲ್ಲ ಎಂದರು. ಅಲ್ರಿ ಎಂದ.

"ಐತವಾರ ನಿಮ್ಮಪ್ಪನ್ನ ಕರಕೊಂಡು ಬಾ," ಎಂದರು ಲಚ್ಚಪ್ಪ. "ಹೂಂ ಅಂತ ಹೇಳಾಕತ್ತಿಲ್ಲ ನಾನು. ಮಾತಾಡೂನು. ಆಕೀನ್ನೂ ಬಸ್ಸು ಹತ್ತಿಸಿ ಕಳಸೂದು ನನ್ನ ಕೈಲೆ ಆಗೂದಿಲ್ಲ. ಮೀನಾಕ್ಷಿನ್ನ ಕಳಿಸಿದ್ದ ಇನ್ನೂ ನಿದ್ದಿ ಮಾಡಗೊಡೂದಿಲ್ಲ ನನಗ."

ಅವರು ಫೋನನ್ನು ಪರಶುವಿನ ಕಡೆ ಚಾಚಿದರು. ನನಗೆ ಬೇರೆ ಐಡಿ ಮಾಡಿಕೊಡು, ಇವೆಲ್ಲ ತಂದೆಯಾದವನು ನೋಡುವಂಥವಲ್ಲ ಎಂದರು. ಇದರಲ್ಲಿರುವ ಫೋಟೊಗಳನ್ನು ಅಳಿಸಲೇ ಎಂದು ಪರಶು ಕೇಳಿದಾಗ, ಆಗಲೇ ಚಹಾ ಗಾಡಿಯ ಕಡೆ ತಿರುಗಿದ್ದ ಲಚ್ಚಪ್ಪ ಹಿಂತಿರುಗಿ ನೋಡದೆ ಉತ್ತರಿಸಿದರು.

"ಆಕೀನ್ನ ಕೇಳು. ಆಕೀನ ತಗದದ್ದು."

ಅವರು ಹಾರೂನನ ಬೆಂಚಿನ ಮೇಲೆ, ಗಂಟನ್ನು ಕಾಲ ನಡುವೆ ಇಟ್ಟುಕೊಂಡು, ಅಂಗಡಿಗೆ ಬೆನ್ನುಮಾಡಿ ಕುಳಿತರು.

ಕತ್ತಲೆ ಇಳಿಯುತ್ತಿತ್ತು. ಪರಶು ಒಳಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ, ಗಾಜಿನ ಈಚೆಯೇ ನಿಂತು, ಹೊಸ ಖಾತೆಯ ಮೊದಲ ಪುಟವನ್ನು ತೆರೆದ. ಹೆಸರಿನ ಜಾಗದಲ್ಲಿ ಲಚ್ಚಪ್ಪ ಎಂದು ಬರೆಯುವಾಗ ಅವನ ಬೆರಳು ಎರಡು ಸಲ ತಪ್ಪಿತು.

"ವಿದ್ಯಾ," ಎಂದ. ಮೇಡಮ್ ಎನ್ನಲಿಲ್ಲ. "ಯಾವುದು ಅಳಿಸ್ಲಿ?"

"ನಿಮ್ಮವು ಒಂದೂ ಬ್ಯಾಡ."

ಅವನು ಇನ್ನೊಂದು ಅಕ್ಷರ ತಪ್ಪಾಗಿ ಒತ್ತಿದ. ಬೆಂಚಿನ ಮೇಲಿನ ಬಿಳಿ ರುಮಾಲು ಅಲುಗಲಿಲ್ಲ.

"ಐತವಾರ ಬರ್ತೀರೇನು?" ಅವಳು ಕೇಳಿದಳು.

"ಭಾಳ ಹೆದರಿಕಿ ಆಗಾಕತ್ತೈತಿ."

"ನನಗೂ. ಬರ್ತೀರೇನು?"

"ಬರ್ತೇನಿ," ಎಂದ ಪರಶು.